ಚೌಕಳಿ ಗಿಳಿ

ಸ್ಫೂರ್ತಿಗೂ ಈಗ ಫೋಲ್ಡರ್ ಬಂದಿದೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್. ಮೊಬೈಲ್ ಆಪಿಗೆ ಚಿತ್ರ, ಉಪ್ಪಿನಕಾಯಿ ಬಾಟಲಿಗೆ ಲೇಬಲ್, ಕಾದಂಬರಿಗೆ ಮುಖಪುಟ, ಯಾರದೋ ಮದುವೆಗೆ ವಾಟ್ಸಾಪಿನಲ್ಲಿ ಕುಣಿಯುತ್ತ ಬರುವ ಕರೆಯೋಲೆ, ಹೀಗೆ ಬಂದ ಯಾವುದನ್ನೂ ಬಿಡುವವಳಲ್ಲ. ಕಂಡಕಂಡ ಚೆಂದದ ಚಿತ್ರಗಳನ್ನೆಲ್ಲ ತುಂಬಿಡಲು ಅವಳ ಲ್ಯಾಪ್‌ಟಾಪಿನಲ್ಲಿ 'ಇನ್‌ಸ್ಪಿರೇಷನ್' ಎಂಬ ಫೋಲ್ಡರ್ ಇದೆ. ಅದರೊಳಗೆ ಮರಿಗಳು: 'ಜಪಾನ್', 'ಬರೀ ಹಳದಿ', 'ಹಳೇ ಬೆಂಕಿಪೊಟ್ಟಣ', 'ಅಕ್ಷರ', ಕೊನೆಗೆ 'ಆಮೇಲೆ ನೋಡಬೇಕು'. ಈ ಕೊನೆಯದೇ ಎಲ್ಲಕ್ಕಿಂತ ದಪ್ಪ. ನನ್ನ ಕಪಾಟಿನಲ್ಲೂ ಅಂಥದೊಂದು ಅರೆ ಇದೆ, ಪುಸ್ತಕಗಳದ್ದು. ಹಾಗಾಗಿ ನಗುವ ಹಕ್ಕು ನನಗಿಲ್ಲ, ಆದರೂ ನಕ್ಕೆ.

ಮೊದಲೆಲ್ಲ ಸ್ಫೂರ್ತಿ ಹೀಗೆ ಒಂದೇ ಕಡೆ ಅಚ್ಚುಕಟ್ಟಾಗಿ ಸಿಗುತ್ತಿರಲಿಲ್ಲ. ಕೆಲವರಿಗೆ ಅದು ನಸ್ಯದ ಡಬ್ಬಿಯಲ್ಲಿರುತ್ತಿತ್ತು, ಕೆಲವರಿಗೆ ಸಂಜೆಯ ತಿರುಗಾಟದಲ್ಲಿ, ಬಹಳ ಜನಕ್ಕೆ ಸಂಪಾದಕರು ಕೊಟ್ಟ ಗಡುವಿನಲ್ಲಿ. ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ ಚಿಕ್ಕಂದಿನಿಂದ ಕಾಗೆಯ ಹುಚ್ಚು. ದೇಶದ ಪ್ರಧಾನಿಗಳನ್ನೆಲ್ಲ ಗೆರೆಯಲ್ಲಿ ಹಿಡಿದು ಹಾಕಿದ ಮೇಲೂ ಅವರು ಪ್ರೀತಿಯಿಂದ ಬಿಡಿಸುತ್ತಿದ್ದದ್ದು ಕಾಗೆಯನ್ನೇ. ಕಾಗೆಯನ್ನು ಡೌನ್‌ಲೋಡ್ ಮಾಡಿಕೊಳ್ಳುವ ತಾಪತ್ರಯವಿಲ್ಲ. ತಾನಾಗಿ ಬಂದು ಕಾಂಪೌಂಡಿನ ಮೇಲೆ ಕೂರುತ್ತದೆ, ಎಷ್ಟು ಹೊತ್ತು ನೋಡಿದರೂ ಕಾಸು ಕೇಳುವುದಿಲ್ಲ.

"ಮಾಮಾ, ನೀನು ನೋಡದೇ ಮಾತಾಡ್ತೀಯ" ಎಂದು ಒಂದು ಭಾನುವಾರ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಲ್ಡರ್ ದರ್ಶನ ಮಾಡಿಸಿದಳು. ಮೊದಮೊದಲು ಕಣ್ಣಿಗೆ ಹಬ್ಬ. ಸ್ವಲ್ಪ ಹೊತ್ತಾದ ಮೇಲೆ ಎಲ್ಲೋ ನೋಡಿದ ಮುಖ ಅನ್ನಿಸತೊಡಗಿತು, ಎಷ್ಟೋ ಚಿತ್ರಗಳಲ್ಲಿ ಮುಖವೇ ಇರದಿದ್ದರೂ! ಉದ್ದುದ್ದ ಕೈಕಾಲು, ನಿಂಬೆಹಣ್ಣಿನಷ್ಟು ತಲೆ, ನೇರಳೆಯೋ ನೀಲಿಯೋ ಆದ ಮೈ. ಒಬ್ಬ ಲ್ಯಾಪ್‌ಟಾಪ್ ಹಿಡಿದು ಗಾಳಿಯಲ್ಲಿ ಹಾರುತ್ತಿದ್ದಾನೆ, ಒಬ್ಬಳು ತನಗಿಂತ ಎತ್ತರದ ಕುಂಡದ ಗಿಡಕ್ಕೆ ನೀರು ಹಾಕುತ್ತಿದ್ದಾಳೆ. ಸಾಲ ಕೊಡುವ ಆಪಿನಲ್ಲಿ, ಔಷಧಿ ತರಿಸುವ ಆಪಿನಲ್ಲಿ, ಧ್ಯಾನ ಕಲಿಸುವ ಆಪಿನಲ್ಲಿ, ಎಲ್ಲೆಲ್ಲೂ ಇದೇ ಸಂಸಾರ. 2017ರಲ್ಲಿ ಬಕ್ ಎಂಬ ಸ್ಟುಡಿಯೊ ಫೇಸ್‌ಬುಕ್ಕಿಗೆ 'ಅಲೆಗ್ರಿಯಾ' ಎಂಬ ಚಿತ್ರಶೈಲಿಯೊಂದನ್ನು ಮಾಡಿಕೊಟ್ಟಿತು. ಆಮೇಲೆ ಈ ಬುಡಕಟ್ಟು ಬೆಳೆದ ವೇಗವನ್ನು ನೋಡಬೇಕು. ಅದಕ್ಕೆ ಕಾರಣವೂ ಉಂಟು. ಮೈ ನೇರಳೆಯಾದರೆ ಯಾವ ದೇಶದವನೆಂದು ಯಾರೂ ಕೇಳುವುದಿಲ್ಲ. ಕೈಕಾಲು ಚಪ್ಪಟೆ ಆಕಾರಗಳಾದ್ದರಿಂದ ಎಳೆದ ಕಡೆಗೆ ಬಗ್ಗುತ್ತವೆ. ಒಬ್ಬ ಅರ್ಧಕ್ಕೆ ಬಿಟ್ಟು ಹೋದ ಚಿತ್ರವನ್ನು ಇನ್ನೊಬ್ಬ ಮುಗಿಸಿದರೆ ಕೈ ಬದಲಾದದ್ದು ತಿಳಿಯುವುದಿಲ್ಲ. ಇವೆಲ್ಲ ಕಂಪನಿಗೆ ಬೇಕಾದ ಗುಣಗಳು. ಚಿತ್ರಕ್ಕೆ ಬೇಕಾದವೋ ಅಲ್ಲವೋ, ಅದನ್ನು ಅವಳ ಮುಂದೆ ಎತ್ತಲಿಲ್ಲ. ಅವಳ ತಿಂಗಳ ಬಾಡಿಗೆಯಲ್ಲಿ ಅರ್ಧ ಈ ನೇರಳೆ ಜನರೇ ಕಟ್ಟುತ್ತಾರೆ.

ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಿತು. ಈಗಿನವರು ತೆರೆಯ ಮೇಲೆ ನೋಡಿ ತೆರೆಯ ಮೇಲೆ ಬಿಡಿಸುತ್ತಾರೆ, ಸರಿ. ತೆರೆಯ ಮೇಲೆ ಮೊಟ್ಟಮೊದಲು ಬಿಡಿಸಿದವರು ಏನನ್ನು ನೋಡಿ ಬಿಡಿಸಿದರು? ಅಲ್ಲಿ ನೋಡಲು ಆಗ ಏನೂ ಇರಲಿಲ್ಲವಲ್ಲ?

ಸೂಸನ್ ಕೇರ್ ಎಂಬಾಕೆಯ ಕತೆ ಇದಕ್ಕೆ ಒಳ್ಳೆಯ ಉತ್ತರ. ಕಲೆಯ ವಿಷಯದಲ್ಲಿ ಪಿಎಚ್.ಡಿ. ಮಾಡಿಕೊಂಡ ಆಕೆ 1980ರ ದಶಕದ ಮೊದಲಲ್ಲಿ ಅರ್ಕಾನ್ಸಾದ ಒಂದು ಮ್ಯೂಸಿಯಮ್ಮಿಗಾಗಿ ನಿಜಗಾತ್ರದ ಕಾಡುಹಂದಿಯೊಂದನ್ನು ಉಕ್ಕಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದಾಗ ಹೈಸ್ಕೂಲಿನ ಹಳೆಯ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್ ಫೋನ್ ಮಾಡಿದ. ಅವನಿದ್ದದ್ದು ಆ್ಯಪಲ್ ಕಂಪನಿಯಲ್ಲಿ, ಮ್ಯಾಕಿಂತೋಷ್ ತಯಾರಿಸುತ್ತಿದ್ದ ತಂಡದಲ್ಲಿ. ಕಂಪ್ಯೂಟರಿಗೆ ಒಂದಿಷ್ಟು ಪುಟ್ಟ ಚಿತ್ರಗಳು ಬೇಕಾಗಿದ್ದವು. ಬಿಡಿಸುವ ಸಾಫ್ಟ್‌ವೇರ್ ಇನ್ನೂ ಸಿದ್ಧವಿರಲಿಲ್ಲ. "ಅಂಗಡಿಯಲ್ಲಿ ಚೌಕಳಿ ಹಾಳೆಯ ಪುಸ್ತಕ ಸಿಗುತ್ತದೆ, ತಗೊಂಡು ಮನೆ ತುಂಬಿಸು" ಎಂಬರ್ಥದ ಸಲಹೆ ಕೊಟ್ಟ. ಪಾಲೋ ಆಲ್ಟೊ ಊರಿನ ಚಿತ್ರಸಾಮಗ್ರಿ ಅಂಗಡಿಯಲ್ಲಿ ಎರಡೂವರೆ ಡಾಲರಿಗೆ ಅಂಥದೊಂದು ಪುಸ್ತಕ ಕೊಂಡ ಕೇರ್, ಅಡ್ಡ 32, ಉದ್ದ 32 ಮನೆ ಗುರುತು ಮಾಡಿಕೊಂಡು ಒಂದೊಂದೇ ಮನೆಗೆ ಮಸಿ ತುಂಬುತ್ತ ಹೋದಳು. ಒಟ್ಟು 1,024 ಮನೆ. ಪ್ರತಿ ಮನೆಯೂ ಒಂದೋ ಕಪ್ಪು, ಇಲ್ಲವೇ ಬಿಳುಪು, ನಡುವೆ ಬೂದುಬಣ್ಣದ ಸಂಧಾನವಿಲ್ಲ. ಕಸದಬುಟ್ಟಿ, ಬಣ್ಣ ಸುರಿಯುವ ಡಬ್ಬಿ, ಯಂತ್ರ ಕೆಟ್ಟರೆ ಕಾಣಿಸಿಕೊಳ್ಳುವ ಬಾಂಬು, ಯಂತ್ರ ಎದ್ದಾಗ ನಗುವ ಪುಟ್ಟ ಮ್ಯಾಕ್ ಎಲ್ಲ ಆ ಚೌಕಳಿಯಲ್ಲೇ ಹುಟ್ಟಿದವು. ಆ ಸ್ಕೆಚ್ ಪುಸ್ತಕವೇ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಕೂತಿದೆ.

ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ಕೇರ್‌ಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಆದರೆ ಎಳೆ ಎಣಿಸಿ ಹಾಕುವ ಕಸೂತಿ ಗೊತ್ತಿತ್ತು. ಅವಳ ತಾಯಿ ಚಿಕ್ಕಂದಿನಲ್ಲೇ ಕಲಿಸಿದ್ದರು. ಮೊಸಾಯಿಕ್ ಕಲ್ಲಿನ ಚಿತ್ರ, ಕ್ಯಾನ್ವಾಸಿನ ಮೇಲಿನ ಸೂಜಿಕೆಲಸ ಇವನ್ನೆಲ್ಲ ಕಂಡಿದ್ದವಳಿಗೆ ಪಿಕ್ಸೆಲ್ ಎಂಬುದು ಹೊಸ ಪ್ರಾಣಿಯಾಗಿ ಕಾಣಲಿಲ್ಲ. ಕ್ಯಾಲಿಫೋರ್ನಿಯಾದ ಹುಡುಗರು ಹೊಸ ಯುಗವನ್ನೇ ಕಟ್ಟುತ್ತಿದ್ದೇವೆಂದು ರಾತ್ರಿ ಹಗಲು ಬೆವರುತ್ತಿದ್ದರೆ, ಈಕೆ ಅಮ್ಮನ ಸೂಜಿಯನ್ನು ನೆನೆದು ಕೆಲಸ ಮುಗಿಸಿಬಿಟ್ಟಳು.

ಇದನ್ನು ಓದಿದಾಗ ಧಾರವಾಡದ ಕಾಕೂ, ಅಂದರೆ ನಮ್ಮ ಚಿಕ್ಕಮ್ಮ, ನೆನಪಾಗದಿರಲು ನಾನೇನು ಕಲ್ಲೆ? ಅವಳ ಬೇಸಿಗೆಯ ಮಧ್ಯಾಹ್ನಗಳು ಕಳೆದದ್ದೇ ಪಡಸಾಲೆಯ ಕಿಟಕಿಯ ಬೆಳಕಿನಲ್ಲಿ, ಮಡಿಲಲ್ಲಿ ಇಳಕಲ್ ಸೀರೆ ಹರಡಿಕೊಂಡು. ಕಸೂತಿಗೆ ಪೆನ್ಸಿಲ್ ಗುರುತಿಲ್ಲ, ಅಚ್ಚಿಲ್ಲ, ಟ್ರೇಸಿಂಗ್ ಹಾಳೆಯಿಲ್ಲ. ಬಟ್ಟೆಯ ಹಾಸುಹೊಕ್ಕಿನ ಎಳೆಗಳನ್ನೇ ಎಣಿಸಿ ಸೂಜಿ ಚುಚ್ಚಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಯಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲು, ಗಿಳಿ, ಪಲ್ಲಕ್ಕಿ ಎಲ್ಲವೂ ಬರಬೇಕು. ಗವಂತಿ ನೇರ ಗೆರೆಯದು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು. ಮುರ್ಗಿ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಮಾಡುತ್ತದೆ. ಎಲ್ಲೂ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಸರಿಯಾಗಿ ಬಿದ್ದರೆ ಬಟ್ಟೆಯ ಹಿಂಬದಿಗೂ ಅದೇ ಚಿತ್ರ, ಮುಂಬದಿಗೂ ಅದೇ ಚಿತ್ರ. "ಎಣಿಕಿ ತಪ್ಪಿದ್ರ ಆನೀಗೆ ಒಂದು ಕಾಲು ಗಿಡ್ಡ ಆಗತದ. ಬಿಚ್ಚೂದೊಂದ ದಾರಿ" ಎನ್ನುತ್ತಿದ್ದಳು ಕಾಕೂ. ಎಣಿಸುವಾಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ, ಹುಬ್ಬು ಮಾತ್ರ ಮೇಲೇರುತ್ತಿತ್ತು. ಆ ಹುಬ್ಬಿಗೆ ನಾವು ಮಕ್ಕಳು ಹೆಡ್‌ಮಾಸ್ತರರಿಗಿಂತ ಹೆಚ್ಚು ಹೆದರುತ್ತಿದ್ದೆವು.

ಚೌಕಳಿಯಲ್ಲಿ ಆನೆ ಬಿಡಿಸುವವನಿಗೆ ಸೊಂಡಿಲನ್ನು ದುಂಡಗೆ ಮಾಡುವ ಭಾಗ್ಯವಿಲ್ಲ. ಮೆಟ್ಟಿಲು ಇಳಿಸಬೇಕು. ಹಾಗಾದರೆ ಆನೆಯಲ್ಲಿ ಯಾವುದು ಬಿಟ್ಟರೂ ಆನೆಯೇ, ಯಾವುದು ಬಿಟ್ಟರೆ ಹಂದಿ ಎಂದು ಯೋಚಿಸಲೇಬೇಕಾಗುತ್ತದೆ. ಈ ಯೋಚನೆಯನ್ನು ಬೇರೆ ಯಾವ ಫೋಲ್ಡರೂ ಮಾಡಿಸುವುದಿಲ್ಲ. ಜಪಾನಿನ ಶಿಗೆತಾಕಾ ಕುರಿತಾ ಎಂಬಾತನಿಗೆ 1999ರಲ್ಲಿ ಸಿಕ್ಕದ್ದು ಇನ್ನೂ ಕಡಿಮೆ, ಅಡ್ಡ 12, ಉದ್ದ 12 ಮನೆ. ಡೊಕೊಮೊ ಕಂಪನಿಯ ಮೊಬೈಲಿಗಾಗಿ ಅಷ್ಟರಲ್ಲೇ ಮಳೆ, ಬಿಸಿಲು, ಕೋಪ, ಒಡೆದ ಹೃದಯ ಸೇರಿ 176 ಚಿತ್ರ ಮಾಡಿದ. ಇವತ್ತು ಬೆಳಗಾದರೆ ನಮಗೆ ಬರುವ ಹೂಗುಚ್ಛ, ಮುಗಿದ ಕೈ, ಕಣ್ಣಲ್ಲಿ ನೀರು ಸುರಿಸುತ್ತ ನಗುವ ಮುಖ ಇವಕ್ಕೆಲ್ಲ ಅಲ್ಲಿಂದ ವಂಶಾವಳಿ ತೆಗೆಯಬಹುದು. ಆ 176 ಈಗ ಕೇರ್‌ಳ ಪುಸ್ತಕ ಇರುವ ಮ್ಯೂಸಿಯಮ್ಮಿನಲ್ಲೇ ಇವೆ. ಕೌಟುಂಬಿಕ ಗುಂಪುಗಳಲ್ಲಿ ದಿನಾ ಬರುವ ಹೂಗುಚ್ಛಗಳನ್ನೂ ಅಲ್ಲಿಗೇ ಕಳಿಸುವ ವ್ಯವಸ್ಥೆ ಇದ್ದರೆ ಚೆನ್ನಾಗಿತ್ತು.

ಇಂಗ್ಲಿಷಿಗೆ ಈ ಬಡತನ ಕಷ್ಟವೇನಲ್ಲ. ಅಡ್ಡ ಐದು, ಉದ್ದ ಏಳು ಚುಕ್ಕಿ ಕೊಟ್ಟರೆ ಅದರ ದೊಡ್ಡಕ್ಷರಗಳು ಕಾಲು ಚಾಚಿ ಮಲಗುತ್ತವೆ. ಕನ್ನಡವನ್ನು ಅಲ್ಲಿ ಕೂರಿಸಿ ನೋಡಿ. ಮೇಲೆ ತಲಕಟ್ಟು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. 'ರಾಷ್ಟ್ರ' ಎಂದು ಬರೆಯಹೊರಟರೆ ನೆಲಮಾಳಿಗೆ ಅಗೆಯಬೇಕು. ಎಲ್‌ಇಡಿ ಬೋರ್ಡು ಹೊತ್ತ ಬಸ್ಸೊಂದರಲ್ಲಿ ಒತ್ತಕ್ಷರಗಳೆಲ್ಲ ಮೊಣಕಾಲಿನ ಕೆಳಗೆ ಕತ್ತರಿಸಿಹೋಗಿ, ಊರಿನ ಹೆಸರುಗಳು ಗಾಯಾಳುಗಳಾಗಿ ಓಡುತ್ತಿದ್ದದ್ದನ್ನು ನೋಡಿದ್ದೇನೆ. ಚುಕ್ಕಿ ಕಡಿಮೆಯಾದಾಗ 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಕೆಳಗಿನ ಒಂದೇ ಚುಕ್ಕಿ. ಅದು ಕೆಟ್ಟರೆ ಧನವೆಲ್ಲ ದನ. 'ಪ' ಮತ್ತು 'ಷ' ಇನ್ನೂ ಹತ್ತಿರದ ನೆಂಟರು, ಹೊಟ್ಟೆಯಲ್ಲೊಂದು ಸಣ್ಣ ಗೆರೆಯ ಜಗಳ ಅಷ್ಟೆ. ಅಮೆರಿಕದಲ್ಲಿದ್ದ ಕನ್ನಡಿಗ ಶೇಷಾದ್ರಿವಾಸು 1998ರಲ್ಲಿ 'ಬರಹ' ಬಿಟ್ಟಾಗ, ಅದಕ್ಕೂ ಮೊದಲು ಕೆ.ಪಿ. ರಾಯರು ಕನ್ನಡದ ಕೀಲಿಮಣೆಯನ್ನು ಉಚ್ಚಾರದ ಲೆಕ್ಕದಲ್ಲಿ ಜೋಡಿಸಿದಾಗ, ನಾವು ಟೈಪು ಮಾಡಲು ಬಂತೆಂದು ಕುಣಿದೆವೇ ಹೊರತು ಅಕ್ಷರದ ಹೊಟ್ಟೆಯೊಳಗಿನ ಈ ಕಷ್ಟದ ಬಗ್ಗೆ ಯೋಚಿಸಿದವರು ಕಡಿಮೆ. ಈಗ ತೆರೆಗಳಲ್ಲಿ ಚುಕ್ಕಿಗೆ ಬರವಿಲ್ಲ. 'ಬಾಲೂ ತಮ್ಮ' ಎಂಬ ದುಂಡುದುಂಡಾದ ಕನ್ನಡ ಫಾಂಟನ್ನು ಅಂಗಡಿ ಬೋರ್ಡಿನಿಂದ ಹಾಲಿನ ಪ್ಯಾಕೆಟ್ಟಿನವರೆಗೆ ಹುಡುಕಿ ನೋಡುವುದು ನನಗೊಂದು ಚಟ. ಗುಜರಾತಿಯಲ್ಲಿ ಅದರ ಹೆಸರು 'ಬಾಲೂ ಭಾಯ್', ತಮಿಳಿನಲ್ಲಿ 'ಬಾಲೂ ತಂಬಿ', ಮಲಯಾಳದಲ್ಲಿ 'ಬಾಲೂ ಚೇಟ್ಟನ್'. ಒಂದೇ ಮೈಕಟ್ಟಿನ ಅಣ್ಣತಮ್ಮಂದಿರು. ಒತ್ತಕ್ಷರದ ವಿಷಯದಲ್ಲಿ ನಮ್ಮ ತಮ್ಮನಷ್ಟು ಭಾರ ಹೊತ್ತವರು ಆ ಮನೆಯಲ್ಲಿ ಕಡಿಮೆಯೇ ಇರಬೇಕು.

ಚೌಕದ ಬಡತನ ಹೋದ ಮೇಲೂ ಚೌಕವನ್ನೇ ಬಯಸಿ ಹೋದವರಿದ್ದಾರೆ. ಫ್ರಾನ್ಸಿನವನೊಬ್ಬ 'ಇನ್ವೇಡರ್' ಎಂಬ ಹೆಸರಿಟ್ಟುಕೊಂಡು, ಮುಖ ತೋರಿಸದೆ, 1998ರಿಂದ ಪ್ಯಾರಿಸ್ಸಿನ ಗೋಡೆಗಳಿಗೆ ಬಚ್ಚಲುಮನೆಯ ಟೈಲ್ಸ್ ಅಂಟಿಸುತ್ತ ಬಂದ. 1978ರಲ್ಲಿ ಜಪಾನಿನಿಂದ ಬಂದ ಸ್ಪೇಸ್ ಇನ್ವೇಡರ್ಸ್ ಆಟದ ರಾಕ್ಷಸರೇ ಅವನ ದೇವರು. ಒಂದು ಟೈಲ್ ಒಂದು ಪಿಕ್ಸೆಲ್. ಊರೂರು ಸುತ್ತಿ, ವಾರಾಣಸಿಗೂ ಬಂದು ಅಂಟಿಸಿ ಹೋಗಿದ್ದಾನೆ. ಆಟದಲ್ಲಿ ಮನುಷ್ಯ ಗುಂಡು ಹಾರಿಸಿದ್ದೇ ಮಾಯವಾಗುತ್ತಿದ್ದ ಪ್ರಾಣಿಗೆ ಇವನು ಸಿಮೆಂಟು ಹಚ್ಚಿ ಪರ್ಮನೆಂಟ್ ನೌಕರಿ ಕೊಟ್ಟ.

ಇಷ್ಟು ಹೊತ್ತು ಚೌಕದ ಮಾತಾಯಿತು. ಬಾಗುವ ಗೆರೆಯ ಕತೆ ಇನ್ನೂ ಚೆನ್ನಾಗಿದೆ, ಅದು ಹುಟ್ಟಿದ್ದು ಕಾರಿನ ಕಾರ್ಖಾನೆಯಲ್ಲಿ. ಕಾರಿನ ಬಾನೆಟ್ಟಿನ ಬಾಗನ್ನು ಯಂತ್ರಕ್ಕೆ ಅಂಕಿಯಲ್ಲಿ ಹೇಗೆ ತಿಳಿಸುವುದು ಎಂದು ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್‌ಜೊ 1959ರಲ್ಲೇ ದಾರಿ ಕಂಡುಹಿಡಿದಿದ್ದ. ಕಂಪನಿ ಅದನ್ನು ಗುಟ್ಟಾಗಿಟ್ಟುಕೊಂಡಿತು. ರೆನೊ ಕಂಪನಿಯ ಪಿಯರ್ ಬೆಜಿಯೇ ತಾನಾಗಿ ಅಲ್ಲಿಗೇ ತಲುಪಿ 1960ರ ದಶಕದಲ್ಲಿ ಪ್ರಕಟಿಸಿದ. ಹೆಸರು ಅವನದಾಯಿತು. ಗುಟ್ಟು ಕಾಪಾಡಿದವರಿಗೆ ಕೀರ್ತಿ ದಕ್ಕದಿರುವುದು ಹಳೆಯ ನ್ಯಾಯ. ಇಂದು ಡಿಸೈನರುಗಳು ಪೆನ್ ಟೂಲ್ ಹಿಡಿದು ಎಳೆಯುವ ಪ್ರತಿ ಬಾಗೂ, ನೀವು ಈಗ ಓದುತ್ತಿರುವ ಅಕ್ಷರಗಳ ಹೊಟ್ಟೆಯ ಬಾಗೂ ಈ ಬೆಜಿಯೇ ಲೆಕ್ಕದ ಮನೆತನದವೇ. ಅದರ ಸೊಗಸು ಎಲ್ಲಿದೆಯೆಂದರೆ, ಗೆರೆಯನ್ನು ಬಗ್ಗಿಸುವ ಬಿಂದುಗಳು ಗೆರೆಯ ಮೇಲೆ ಇರುವುದೇ ಇಲ್ಲ. ದೂರದಲ್ಲಿ ನಿಂತು, ಮುಟ್ಟದೆ, ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

ಅಕ್ಕನ ಮಗಳು ಇದನ್ನು ತೆರೆಯ ಮೇಲೆ ಮಾಡಿ ತೋರಿಸಿದಾಗ ನನಗೆ ಕಂಡದ್ದು ಎಳೆ ರಂಗೋಲಿ. ಅಲ್ಲೂ ಚುಕ್ಕಿಯನ್ನು ಗೆರೆ ಮುಟ್ಟುವ ಹಾಗಿಲ್ಲ. ಚುಕ್ಕಿ ಸುಮ್ಮನೆ ಕೂತಿರುತ್ತದೆ, ಗೆರೆ ಅದಕ್ಕೆ ಪ್ರದಕ್ಷಿಣೆ ಹಾಕಿ ಹೊರಟ ಕಡೆಗೇ ಬಂದು ಸೇರಬೇಕು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮೊನಿ, ರಾಣಿ ಸಿರೊಮೊನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ತಮಿಳರ ಕೋಲಮ್ಮನ್ನು ಕಂಪ್ಯೂಟರಿಗೆ ಹೇಳಿಕೊಡಬಹುದಾದ ವ್ಯಾಕರಣವಾಗಿ ಬಿಡಿಸಿ ಪ್ರಬಂಧ ಬರೆದಿದ್ದರು. ಮ್ಯಾಕಿಂತೋಷ್ ಅಂಗಡಿಗೆ ಬರಲು ಆಗ ಇನ್ನೂ ಹತ್ತು ವರ್ಷ ಇತ್ತು. ಇನ್ನೊಂದು ಇದೆ. ಮ್ಯಾಕಿನ ಕೀಲಿಮಣೆಯಲ್ಲಿ ಸ್ಪೇಸ್ ಬಾರಿನ ಪಕ್ಕ ನಾಲ್ಕು ಮೂಲೆಗೆ ನಾಲ್ಕು ಕುಣಿಕೆಯ ಒಂದು ಗುರುತು ಇರುತ್ತದಲ್ಲ, ಕಮಾಂಡ್ ಕೀಲಿಯದ್ದು. ಮೊದಲು ಅಲ್ಲಿ ಸೇಬಿನ ಚಿತ್ರವಿತ್ತು. ಮೆನು ತುಂಬ ಸೇಬು ಚೆಲ್ಲಾಡಿದ್ದನ್ನು ನೋಡಿ ಸ್ಟೀವ್ ಜಾಬ್ಸ್‌ಗೆ ಸಿಟ್ಟು ಬಂತು. ಸೂಸನ್ ಕೇರ್ ಚಿಹ್ನೆಗಳ ಒಂದು ದಪ್ಪ ಪುಸ್ತಕ ತಿರುವಿ ಹಾಕಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳಿಗೆ ರಸ್ತೆ ಬದಿ ನೆಡುವ ಫಲಕದ ಗುರುತನ್ನು ಅಲ್ಲಿ ತಂದಿಟ್ಟಳು. ಆ ಗುರುತಿನ ಕುಣಿಕೆಗಳಲ್ಲಿ ಒಂದೊಂದು, ನಡುವೆ ಒಂದು ಚುಕ್ಕಿ ಇಟ್ಟುಬಿಡಿ. ಮಲ್ಲೇಶ್ವರದ ಯಾವುದಾದರೂ ಮನೆಯ ಹೊಸ್ತಿಲ ಮುಂದೆ ಗುರುವಾರ ಬೆಳಗ್ಗೆ ಕಂಡರೆ ಯಾರೂ ಎರಡು ಸಲ ನೋಡುವುದಿಲ್ಲ.

ಹೊಸ್ತಿಲ ರಂಗೋಲಿಯ ಹಾಗೆ ದಿನಾ ಬಿಡಿಸುವುದೆಂದರೆ ನೆನಪಾಯಿತು. ಬೀಪಲ್ ಎಂಬ ಹೆಸರಿನ ಅಮೆರಿಕದ ಡಿಜಿಟಲ್ ಕಲಾವಿದ 2007ರ ಮೇ 1ರಿಂದ ದಿನಕ್ಕೊಂದು ಚಿತ್ರ ತಪ್ಪದೆ ಮಾಡಿ, ಮೊದಲ ಐದು ಸಾವಿರವನ್ನು ಒಂದೇ ಕಡೆ ಜೋಡಿಸಿದ. 2021ರ ಮಾರ್ಚಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದು 6.9 ಕೋಟಿ ಡಾಲರ್ ದಾಟಿತು. ಕೊಂಡವರು ತಮಿಳುನಾಡಿನಲ್ಲಿ ಹುಟ್ಟಿ ಬೆಳೆದವರು. ದಿನಕ್ಕೊಂದು ಚಿತ್ರ ತಪ್ಪದೆ ಬಿಡಿಸುವವರನ್ನು ಅವರು ಬಾಲ್ಯದಲ್ಲೇ ಬಾಗಿಲು ಬಾಗಿಲಿಗೆ ನೋಡಿರಬೇಕು, ಆಗ ಯಾರೂ ಬಿಲ್ ಕೊಟ್ಟಿರಲಿಕ್ಕಿಲ್ಲ. ಬೀಪಲ್‌ನ ಎಷ್ಟೋ ಚಿತ್ರಗಳು ನನಗೆ ಒಗ್ಗುವುದಿಲ್ಲ, ಅಬ್ಬರ ಜಾಸ್ತಿ. ಜ್ವರ ಬಂದರೂ, ನೆಂಟರು ಬಂದರೂ ಕೂತು ಮಾಡುತ್ತಾನಲ್ಲ, ಆ ಹಟ ಮಾತ್ರ ಒಪ್ಪಿದೆ.

ತೆರೆಯಿಂದ ಹೊರಗೆ ನೋಡಿ ಬದುಕಿಸಿದ ಕೆಲಸವೂ ಒಂದಿದೆ, ಹೇಳದೆ ಹೋದರೆ ಅನ್ಯಾಯ. ಅಂಗಡಿ ಬೋರ್ಡು, ಲಾರಿ ಹಿಂಬದಿ ಬರೆಯುತ್ತಿದ್ದ ಪೇಂಟರುಗಳ ಅನ್ನಕ್ಕೆ ಫ್ಲೆಕ್ಸ್ ಬಂದು ಕಲ್ಲು ಹಾಕಿತಲ್ಲ, ಆಗ ದೆಹಲಿಯ ಹನೀಫ್ ಕುರೇಶಿ ಎಂಬ ಡಿಸೈನರ್ ಅವರನ್ನು ಹುಡುಕಿಕೊಂಡು ಹೋಗಿ, ಅವರ ಕೈಬರಹವನ್ನೇ ಡಿಜಿಟಲ್ ಫಾಂಟು ಮಾಡಿ, ಫಾಂಟಿಗೆ ಆಯಾ ಪೇಂಟರನ ಹೆಸರನ್ನೇ ಇಟ್ಟ. ನೆರಳು, ಮಿಂಚು, ಬಣ್ಣದ ಏರಿಳಿತ ಎಲ್ಲ ಹಾಗೇ ಉಳಿಸಿದ. ಅವನು 2024ರಲ್ಲಿ ತೀರಿಕೊಂಡ. ಹುಬ್ಬಳ್ಳಿಯ ಲಾರಿಗಳ ಹಿಂದಿನ ಕನ್ನಡ ಅಕ್ಷರಗಳಿಗೆ, 'ತಾಯಿಯ ಆಶೀರ್ವಾದ'ದಲ್ಲಿ 'ದ' ಹಾವಿನ ಹೆಡೆಯಾಗುತ್ತದಲ್ಲ ಅಂಥವಕ್ಕೆ, ಯಾರಾದರೂ ಹೀಗೇ ಕೂತು ಮಾಡಲಿ ಎಂಬುದು ನನ್ನ ಬಹಳ ದಿನದ ಆಸೆ. ಅಕ್ಕನ ಮಗಳಿಗೆ ಹೇಳಿದೆ. 'ಆಮೇಲೆ ನೋಡಬೇಕು' ಎಂಬಲ್ಲಿ ಹಾಕಿಕೊಂಡಳು.

ಈಚೆಗೆ ಕಾಕೂ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದಿದ್ದಳು. ಅದೇ ಹೊತ್ತಿಗೆ ಅಕ್ಕನ ಮಗಳಿಗೆ ಸೀರೆ ಮಾರುವ ಯಾವುದೋ ಆಪಿನ ಕೆಲಸ ಬಂದಿತ್ತು. ಕಸೂತಿ ಥರದ ಒಂದು ಗಿಳಿ ಬೇಕಂತೆ, ದೊಡ್ಡ ಬ್ಯಾನರಿಗೂ ಅದೇ, ಮೊಬೈಲಿನ ಪುಟ್ಟ ಐಕಾನಿಗೂ ಅದೇ. ಹುಡುಗಿ ಎಐಗೆ ನಾಲ್ಕು ಸಾಲು ಬರೆದು ಕೊಟ್ಟಳು, ಗಿಳಿ ಬಂತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ನೂಲಿನ ಹೊಳಪಿನ ಸಮೇತ ಕೂತ ಗಿಳಿ. ನಾನಂತೂ ಭೇಷ್ ಎಂದೆ. ಕಾಕೂ ಹಸಿರು ಕನ್ನಡಕ ಮೇಲೆತ್ತಿ, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಉಗುರಿನ ತುದಿಯಿಂದ ಎಣಿಸತೊಡಗಿದಳು. ಹುಬ್ಬು ಮೇಲೇರಿತು.

"ಈ ಬಾಜೂ ರೆಕ್ಕಿಗೆ ಏಳು ಮೆಟ್ಲ, ಆ ಬಾಜೂಕ ಎಂಟು. ಇರಲಿ. ಇಲ್ಲಿ ನೋಡ ತಂಗಿ, ಈ ಗೆರಿ ಚೌಕದ ನಟ್ಟನಡುವ ಹೊಂಟದ. ಅಲ್ಲೆ ಎಳೀನ ಇಲ್ಲ, ಸೂಜಿ ಎಲ್ಲಿ ಚುಚ್ಚೂದು? ಕಾಲು ಮೈಗೆ ಹತ್ತೇ ಇಲ್ಲ. ಅಷ್ಟಕ್ಕ ಬ್ಯಾರೆ ದಾರಾ ಹಾಕಿದ್ರ ಗಂಟಿಲ್ದ ಹ್ಯಾಂಗ ನಿಂತೀತು?"

"ಅಜ್ಜಿ, ಇದನ್ನ ಯಾರೂ ಹೊಲಿಯಲ್ಲ. ಸ್ಕ್ರೀನ್ ಮೇಲೆ ಮಾತ್ರ."

"ಹಂಗಾರ ಕಸೂತಿ ಅಂತ ಯಾಕ ಬರೀತಿ? ಗಿಳಿ ಅಂತ ಬರಿ."

ಹುಡುಗಿ ನಕ್ಕು ಸುಮ್ಮನಾದಳು. ರಾತ್ರಿ ಐಕಾನಿಗಾಗಿ ಅದನ್ನು ಕುಗ್ಗಿಸಿದಾಗ ನಗು ನಿಂತಿತು. ಅಡ್ಡ 24, ಉದ್ದ 24 ಪಿಕ್ಸೆಲ್ಲಿಗೆ ಇಳಿಸಿದ್ದೇ ಆ ಚೆಂದದ ಗಿಳಿ ಮಸಿಯ ಕಲೆಯಾಯಿತು, ಚೌಕಕ್ಕೆ ಹೊಂದದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದವು. ಮರುದಿನ ಅಜ್ಜಿಯೂ ಮೊಮ್ಮಗಳೂ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ ಕೂತರು. ಕಾಕೂ ಬಾಯಲ್ಲಿ ಹೇಳುವುದು, ಇವಳು ಮನೆ ತುಂಬುವುದು. ಕೊಕ್ಕಿಗೆ ಮೂರು ಮನೆ ಸಾಕು, ಕಣ್ಣಿಗೆ ಒಂದು ಮನೆ ಖಾಲಿ ಬಿಡು, ಬಾಲ ಎರಡೆರಡೇ ಇಳಿಸು. ಆ ಗಿಳಿ ಐಕಾನಿನಲ್ಲಿ ಕೂತಾಗಲೂ ಗಿಳಿಯೇ, ಬ್ಯಾನರಿಗೆ ಹಿಗ್ಗಿದಾಗಲೂ ಗಿಳಿಯೇ. ಗಿರಾಕಿಗಳು ದೊಡ್ಡದಕ್ಕೆ ಎಐ ಗಿಳಿಯನ್ನೂ ಸಣ್ಣದಕ್ಕೆ ಕಾಕೂವಿನ ಗಿಳಿಯನ್ನೂ ಒಪ್ಪಿದರು. ಎರಡೂ ಒಂದೇ ಅಂಗಡಿಯವೆಂದು ನಂಬುವುದು ಕಷ್ಟ, ಆದರೆ ದುಡ್ಡು ಕೊಡುವವರು ಅವರು.

ಒಂದು ತಕರಾರು ಮಾತ್ರ ಉಳಿಯಿತು. ಹುಡುಗಿ ಗಿರಾಕಿಗಳ ಬ್ರ್ಯಾಂಡಿನ ಬಣ್ಣವೆಂದು ಗಿಳಿಗೆ ನೇರಳೆ ತುಂಬಿದ್ದಳು. ಗಿಳಿ ಎಂದರೆ ಹಸಿರೇ ಇರಬೇಕಲ್ಲವೇ ಎಂದು ಅಲ್ಲಿಂದ ಮೇಲ್ ಬಂತು. ಕಾಕೂಗೆ ಓದಿ ಹೇಳಿದಳು.

"ಕಸೂತ್ಯಾಗ ನೇರಳೆ ಆನಿ ಹಾಕೇನಿ, ಕೆಂಪು ನವಲ ಹಾಕೇನಿ, ಒಬ್ಬರೂ ಕೇಳಿಲ್ಲ. ಇವರಿಗೇನಾತು?" ಎಂದಳು ಕಾಕೂ. ಸ್ವಲ್ಪ ಯೋಚಿಸಿ ಪರಿಹಾರವನ್ನೂ ಕೊಟ್ಟಳು. "ಹಸರ ದಾರಾ ಮುಗದಿತ್ತು ಅಂತ ಬರದು ಕಳಸು."